ಹಿಂದೆ ಕಾಣುವ ಮೊಲಗಳು

ಮೊಲಗಳ ವಿಷಯದಲ್ಲಿ ನನ್ನ ಭಾವನಿಗೆ ಗೊತ್ತಿಲ್ಲದ್ದು ಏನೂ ಇಲ್ಲ. ಒಂದು ಸಲವೂ ಅವುಗಳ ಗೂಡು ತೊಳೆದವರಲ್ಲ, ಹುಲ್ಲು ಹಾಕಿದವರಲ್ಲ, ಎರಡರಲ್ಲಿ ಗಂಡು ಯಾವುದು ಹೆಣ್ಣು ಯಾವುದು ಅಂತ ಕೇಳಿದರೆ ಇವತ್ತಿಗೂ ಅಕ್ಕನ ಮುಖ ನೋಡುತ್ತಾರೆ. ಆದರೂ ಫೋನಿನಲ್ಲಿ ಅವರ ವಿಡಿಯೋ ನೋಡುವ ಜನ ಅವರನ್ನು 'ಮೊಲದ ಮೇಷ್ಟ್ರು' ಎನ್ನುತ್ತಾರೆ. ಕೆಲಸದ ದಿನಗಳಲ್ಲಿ ಭಾವ ಟೈಲ್ಸ್ ಅಂಗಡಿಯ ಮ್ಯಾನೇಜರು, ರಜೆಯ ದಿನ ಮೇಷ್ಟ್ರು. ಎರಡೂ ಕಡೆ ಅವರು ಮಾಡುವ ಕೆಲಸ ಒಂದೇ. ನಿಂತುಕೊಂಡು ಮಾತಾಡುವುದು.

ಮೊಲಗಳು ಅಕ್ಕನವು. ಅವಳು ಕೆಲಸಕ್ಕೆ ಹೋಗುತ್ತಿದ್ದ ಶಿಶುವಿಹಾರ ಮುಚ್ಚಿದಾಗ ಕುರ್ಚಿ, ಜಾರುಬಂಡೆ, ಗೋಡೆ ಗಡಿಯಾರ ಎಲ್ಲವನ್ನೂ ಯಾರ್ಯಾರೋ ಹೊತ್ತುಕೊಂಡು ಹೋದರು. ಈ ಎರಡು ಜೀವಗಳನ್ನು ಮಾತ್ರ ಕೇಳುವವರಿರಲಿಲ್ಲ. ಅಕ್ಕ ರಟ್ಟಿನ ಡಬ್ಬದಲ್ಲಿ ಹಾಕಿಕೊಂಡು ಮನೆಗೆ ತಂದಳು. ಬೆಳ್ಳಗಿದ್ದದ್ದು ಹತ್ತಿ, ಕಪ್ಪಗಿದ್ದದ್ದು ಮಸಿ, ಇದು ಅವಳಿಟ್ಟ ಹೆಸರು. ಭಾವ ತಮ್ಮ ವಿಡಿಯೋಗಳಲ್ಲಿ ಅವನ್ನು ಸ್ನೋ, ಶ್ಯಾಡೋ ಅಂತ ಕರೆಯುತ್ತಾರೆ. ಆ ಹೆಸರಿಗೆ ಅವು ಕಿವಿಯನ್ನೂ ಅಲ್ಲಾಡಿಸುವುದಿಲ್ಲ. ಅಕ್ಕ ಅಡುಗೆಮನೆಯಲ್ಲಿ ಕೊತ್ತಂಬರಿ ಕಟ್ಟು ಬಿಚ್ಚಿದರೆ ಸಾಕು, ಬಾಲ್ಕನಿಯಲ್ಲಿ ಎರಡೂ ಎದ್ದು ನಿಲ್ಲುತ್ತವೆ. ಕೆಲಸ ಹೋದ ಮೇಲೆ ಅಕ್ಕನಿಗೆ ತನ್ನದು ಅಂತ ಉಳಿದದ್ದು ಅವೆರಡೇ. ಆ ಮನೆಯಲ್ಲಿ ಅವಳ ಮಾತು ಕೇಳುತ್ತಿದ್ದದ್ದೂ ಅವೆರಡೇ.

ನಾನು ಅಕ್ಕನ ಮನೆಯಲ್ಲೇ ಇರುವುದು. ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಸ್ಟೀಮ್ ಇಸ್ತ್ರಿಯ ಮುಂದೆ ನಿಲ್ಲುತ್ತೇನೆ, ಹಾಗಾಗಿ ಸೆಕೆಯ ವಿಷಯದಲ್ಲಿ ನನಗೆ ಯಾರ ಉಪದೇಶವೂ ಬೇಡ. ಆದರೆ ಭಾವ ಬಿಡುತ್ತಾರೆಯೇ. ಮೊಲಕ್ಕೆ ಬೆವರು ಬರುವುದಿಲ್ಲ, ಮೈಯ ಬಿಸಿಯೆಲ್ಲ ಕಿವಿಯಿಂದಲೇ ಹೋಗಬೇಕು ಅಂತ ಊಟಕ್ಕೆ ಕೂತಾಗಲೆಲ್ಲ ನನಗೆ ಹೇಳುತ್ತಿದ್ದರು. ಅದನ್ನು ಅಕ್ಕ ಅವರಿಗೆ ಹೇಳಿದ್ದು ನನ್ನ ಎದುರಿಗೇ. ಬೇಸಿಗೆ ಶುರುವಾದಾಗ ಅಕ್ಕ ಅವರ ಅಂಗಡಿಯ ಸ್ಯಾಂಪಲ್ ಟೈಲ್ಸ್ ಎರಡನ್ನು ಗೂಡಿನೊಳಗೆ ಹಾಸಿದಳು, ತಣ್ಣಗೆ ಮಲಗಲಿ ಅಂತ. ನೀರು ತುಂಬಿದ ಬಾಟಲಿಗಳನ್ನು ಫ್ರೀಜರಿನಲ್ಲಿ ಗಟ್ಟಿ ಮಾಡಿ, ಭಾವನ ಹಳೆಯ ಕಾಲುಚೀಲಗಳೊಳಗೆ ತೂರಿಸಿ ಪಕ್ಕದಲ್ಲಿಟ್ಟಳು. ಗೂಡಿನ ಒಂದು ಬದಿಗೆ ಒದ್ದೆ ಗೋಣಿತಾಟು ಇಳಿಬಿಟ್ಟಳು, ಇನ್ನೊಂದು ಬದಿ ಗಾಳಿಗೆ ತೆರೆದಿಟ್ಟಳು. ಮಧ್ಯಾಹ್ನ ಕೈಬೆರಳು ಒದ್ದೆ ಮಾಡಿಕೊಂಡು ಅವುಗಳ ಕಿವಿ ಸವರುತ್ತಿದ್ದಳು. ಆ ವಾರವೇ ಭಾವನ ವಿಡಿಯೋ ಬಂತು. 'ಬೇಸಿಗೆಯಲ್ಲಿ ಮೊಲ: ನಾನು ಕಂಡುಹಿಡಿದ ಉಪಾಯಗಳು.' ಕಾಲುಚೀಲ ಮಾತ್ರ ಅವರದ್ದು, ಅದು ನಿಜ.

ನನಗೆ ಮೈ ಉರಿಯಿತು. ಅಕ್ಕನಿಗೆ ಹೇಳಿದೆ.

"ಹೋಗ್ಲಿ ಬಿಡೆ," ಅಂದಳು ಅಕ್ಕ. "ನಾಲ್ಕು ಜನ ನೋಡಿ ಕಲಿತ್ರೆ ಆ ಮೊಲಗಳಿಗಾದ್ರೂ ಒಳ್ಳೇದಲ್ವಾ."

ಇವಳ ಈ ಒಳ್ಳೆಯತನವನ್ನು ನಾನು ಚಿಕ್ಕಂದಿನಿಂದ ನೋಡುತ್ತಾ ಬಂದಿದ್ದೇನೆ. ಕಾಲು ತುಳಿದವರಿಗೆ ಜಾಗ ಸಾಲಲಿಲ್ಲವೇನೋ ಅಂತ ಇನ್ನೂ ಸ್ವಲ್ಪ ಸರಿದು ಕೂರುವ ಜಾತಿ.

ಆಮೇಲೆ ಎಸಿ ಬಂತು. ಸೆಕೆ ತಡೆಯಲಾಗದೆ ಭಾವ ತಮಗೋಸ್ಕರ ತಂದುಕೊಂಡದ್ದು. ಅಷ್ಟು ಹೇಳಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಅವರು ಹಾಗೆ ಹೇಳುವವರಲ್ಲ. "ಪಾಪ, ಮೊಲಗಳು ಒದ್ದಾಡ್ತಿವೆ, ನೋಡೋಕಾಗಲ್ಲ," ಅಂದರು. ಎಸಿ ಕೂರಿಸಿದ್ದು ಮುಂದಿನ ಹಾಲ್‌ನಲ್ಲಿ. ಮೊಲಗಳು ಇದ್ದದ್ದು ಹಾಲಿನ ಗಾಜಿನ ಬಾಗಿಲಿನಾಚೆ ಬಾಲ್ಕನಿಯಲ್ಲಿ. ಅವುಗಳನ್ನು ಹಾಲಿನೊಳಗೆ ಬಿಟ್ಟರೆ ಸೋಫಾ ವಾಸನೆ ಬರುತ್ತದೆ ಎಂಬುದು ಮೊದಲಿನಿಂದಲೂ ಮೇಷ್ಟ್ರ ಆಜ್ಞೆ. ಹಾಗಾದರೆ ಮೊಲಗಳಿಗೆ ತಂಪು ಹೇಗೆ ತಲುಪುತ್ತದೆ ಅಂತ ನಾನು ಕೇಳಿದೆ.

"ಗಾಜಿಂದ ತಂಪು ದಾಟುತ್ತೆ," ಅಂದರು. "ಅದು ನಿಂಗೆ ಅರ್ಥ ಆಗಲ್ಲ."

ಎಸಿಯ ಹೊರಗಿನ ಯೂನಿಟ್ಟನ್ನು ಎಲ್ಲಿಡಬೇಕು ಅಂತ ಕೂರಿಸುವವರು ಕೇಳಿದರು. ಹೊರಗೋಡೆಗೆ ಹಾಕಿದರೆ ಬೀದಿಯಿಂದ ಮನೆಯ ಅಂದ ಕೆಡುತ್ತದೆಯಂತೆ. ಬಾಲ್ಕನಿಯ ಒಳಗೇ ನೆಲದ ಮೇಲೆ ಇಡಿಸಿದರು. ಬಾಲ್ಕನಿಯ ಒಂದು ಮೂಲೆಯಲ್ಲಿ ಭಾವ ವ್ಯಾಯಾಮಕ್ಕೆ ತಂದು ಟವೆಲ್ ಒಣಹಾಕಲು ಬಳಸುವ ಸೈಕಲ್ಲು, ಇನ್ನೊಂದು ಮೂಲೆಯಲ್ಲಿ, ನೆರಳಿನಲ್ಲಿ, ಮೊಲದ ಗೂಡು, ನಡುವೆ ಈಗ ಈ ಯೂನಿಟ್ಟು. ಸಂಜೆ ಸ್ವಲ್ಪ ಹೊತ್ತು ಎಸಿ ಹಾಕಿ ನೋಡಿದಾಗ ಅಕ್ಕ ಹೊರಗೆ ಹೋಗಿ ಯೂನಿಟ್ಟಿನ ಮುಂದೆ ಕೈ ಹಿಡಿದಳು.

"ರೀ, ಇಲ್ಲಿ ಬಿಸಿ ಗಾಳಿ ಬರ್ತಿದೆ."

"ಬರ್ಲೇಬೇಕು. ಒಳಗಿನ ಬಿಸಿ ಹೊರಗೆ ಹೋಗ್ತಿದೆ. ಎಸಿ ಕೆಲಸ ಮಾಡೋದೇ ಹಾಗೆ."

"ಹೊರಗೆ ಅಂದ್ರೆ ಮೊಲಗಳು ಇರೋ ಕಡೆಗೇ ಅಲ್ವಾ?"

"ಗೂಡು ಮೂಲೇಲಿದೆ, ಗಾಳಿ ನೇರ ಹೋಗುತ್ತೆ. ಸುಮ್ನೆ ತಲೆ ಕೆಡಿಸ್ಕೋಬೇಡ."

ಅಷ್ಟರ ಮಟ್ಟಿಗೆ ಅವರು ಹೇಳಿದ್ದು ನಿಜವಿತ್ತು. ಗಾಳಿ ಗೂಡಿನ ಪಕ್ಕದಿಂದ ನೇರವಾಗಿ ಕಂಬಿಯಾಚೆ ಹೋಗುತ್ತಿತ್ತು. ಅಕ್ಕ ಎರಡು ಸಲ ಕೈಯಿಟ್ಟು ನೋಡಿ, ಗೋಣಿತಾಟಿಗೆ ಇನ್ನೊಂದು ಚೊಂಬು ನೀರು ಹಾಕಿ, ಸುಮ್ಮನಾದಳು.

ಮರುದಿನ ರಜೆ. ಭಾವ ಲೈವ್ ಬರುವುದಾಗಿ ಮೊದಲೇ ಡಂಗುರ ಹೊಡೆದಿದ್ದರು. 'ಸುಡುಬಿಸಿಲಲ್ಲಿ ಮೊಲಗಳ ರಕ್ಷಣೆ, ನಿಮ್ಮ ಪ್ರಶ್ನೆ, ಮೇಷ್ಟ್ರ ಉತ್ತರ.' ಲೈವ್ ಇದ್ದ ದಿನ ಮನೆಯಲ್ಲಿ ಒಂದು ಕಟ್ಟುಪಾಡಿದೆ. ಭಾವ ಹಾಲಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಾರೆ. ಮಿಕ್ಸಿ ಹಾಕುವಂತಿಲ್ಲ, ಪಾತ್ರೆ ಬೀಳುವಂತಿಲ್ಲ, ಕೆಮ್ಮುವವರು ಬಚ್ಚಲಿಗೆ ಹೋಗಿ ಕೆಮ್ಮಬೇಕು. ಬಾಗಿಲಿನ ಹೊರಗೆ ಕುರ್ಚಿ ಹಾಕಿಕೊಂಡು ಅತ್ತೆ ಕಾವಲು ಕೂರುತ್ತಾರೆ. ಅತ್ತೆ ಅಂದರೆ ಭಾವನ ತಾಯಿ. ಅಕ್ಕನ ಅತ್ತೆಯನ್ನು ನಾನೂ ಹಾಗೇ ಕರೆಯುವುದು. ಮಗ ಸೀನಿದರೂ ಅದರಲ್ಲಿ ಏನೋ ಅರ್ಥವಿದೆ ಅಂದುಕೊಂಡಿರುವ ಹೆಂಗಸು. ಯಾರಾದರೂ ಪ್ಯಾಸೇಜಿನಲ್ಲಿ ಚಪ್ಪಲಿ ಎಳೆದರೆ ಸಾಕು, ತುಟಿಯ ಮೇಲೆ ಬೆರಳಿಟ್ಟು "ಶ್, ರೆಕಾರ್ಡಿಂಗ್" ಅನ್ನುತ್ತಾರೆ. ಹಾಗೆ ಕೂತು ತಮ್ಮ ಫೋನಿನಲ್ಲಿ, ಗೋಡೆಯಾಚೆ ಇರುವ ಮಗನನ್ನು ನೋಡುತ್ತಾ, ಪರದೆಯ ಮೇಲೆ ಹಾರ್ಟ್ ಒತ್ತುತ್ತಾರೆ.

ಅವತ್ತು ಮಧ್ಯಾಹ್ನದ ಬಿಸಿಲು ಬೀದಿಯ ಟಾರನ್ನು ಮೆತ್ತಗೆ ಮಾಡಿತ್ತು. ಭಾವ ಮೇಲೆ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಮನೆಯ ಚಡ್ಡಿ ಹಾಕಿಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಕ್ಯಾಮೆರಾಗೆ ಸೊಂಟದ ಕೆಳಗಿನದು ಬೇಕಾಗಿಲ್ಲವಲ್ಲ. ಒಳಗೆ ಏನೋ ಎಳೆದಾಡುವ ಸದ್ದು ಬಂತು. ಮೇಜು ಸರಿಸುತ್ತಿರಬಹುದು ಅಂದುಕೊಂಡೆವು. ನಾನೂ ಅಕ್ಕನೂ ಅಡುಗೆಮನೆಯಲ್ಲಿ ಕೂತು, ಸದ್ದಿಲ್ಲದಂತೆ ಬೀನ್ಸ್ ಸೋಸತೊಡಗಿದೆವು. ಬೀನ್ಸ್ ಮುರಿಯುವ ಸದ್ದೂ ಲೈವಿಗೆ ಹೋದೀತು ಅಂತ ಅಕ್ಕನಿಗೆ ಹೆದರಿಕೆ.

ಬೀನ್ಸ್ ಮುಗಿಯುತ್ತಾ ಬಂದಾಗ ಅತ್ತೆ ಪಿಸುದನಿಯಲ್ಲಿ ಕರೆದರು. "ಬನ್ರೇ ಇಲ್ಲಿ, ಮೊಲಗಳೂ ಕಾಣ್ತಿವೆ. ಎಷ್ಟು ಚೆನ್ನಾಗಿ ಬಂದಿದೆ ನೋಡಿ."

ನಾವಿಬ್ಬರೂ ಕೈ ಒರೆಸಿಕೊಂಡು ಹೋಗಿ ಅವರ ಭುಜದ ಮೇಲಿಂದ ಬಗ್ಗಿದೆವು. ಪರದೆಯ ತುಂಬ ಭಾವ, ಎಸಿಯ ತಂಪಿಗೆ ಹೊಳೆಯುವ ಮುಖ. ಅವರ ಹಿಂದೆ ಗಾಜಿನ ಬಾಗಿಲು. ಗಾಜಿನಾಚೆ, ಸರಿಯಾಗಿ ನಡುವೆ, ಮೊಲದ ಗೂಡು. ಎಳೆದಾಡಿದ್ದು ಮೇಜನ್ನಲ್ಲ. ಚಿತ್ರದಲ್ಲಿ ಚೆನ್ನಾಗಿ ಕಾಣಲಿ ಅಂತ ಗೂಡನ್ನು ನೆರಳಿನ ಮೂಲೆಯಿಂದ ಬಿಸಿಲಿಗೆ, ಯೂನಿಟ್ಟಿನ ಬಾಯಿಗೆ ಎದುರಾಗಿ ತಂದು ಇಟ್ಟಿದ್ದರು. ಗೋಣಿತಾಟು ಇರಲಿಲ್ಲ. ನೋಡುವುದಕ್ಕೆ ದರಿದ್ರವಾಗಿದೆ ಅಂತ ಅದನ್ನು ಯಾವಾಗಲೂ ಬೈಯುತ್ತಿದ್ದರು. ಕಾಲುಚೀಲದ ಬಾಟಲಿಗಳೂ ಇರಲಿಲ್ಲ.

"ಹಿಂದೆ ಕಾಣ್ತಿರೋ ನಮ್ಮ ಸ್ನೋ ಮತ್ತು ಶ್ಯಾಡೋನ ನೋಡಿ," ಎನ್ನುತ್ತಿದ್ದರು ಭಾವ, ತಿರುಗಿಯೂ ನೋಡದೆ. "ಎಷ್ಟು ಆರಾಮಾಗಿ ಕೈಕಾಲು ಚಾಚಿ ಮಲಗಿವೆ. ಮೊಲ ಹೀಗೆ ಚಾಚಿ ಮಲಗಿದ್ರೆ ಅದಕ್ಕೆ ನೆಮ್ಮದಿ ಇದೆ ಅಂತ ಅರ್ಥ."

ಅತ್ತೆ ಹಾರ್ಟ್ ಒತ್ತಿದರು. ಕೆಂಪು ಹಾರ್ಟುಗಳು ಸಾಲಾಗಿ ಪರದೆಯ ಬದಿಯಲ್ಲಿ ತೇಲಿಹೋದವು.

ಅಕ್ಕ ಪರದೆಯನ್ನೇ ದಿಟ್ಟಿಸುತ್ತಿದ್ದಳು. "ಹತ್ತಿ ಬಾಯಿ ತೆಗ್ದಿದೆ," ಅಂದಳು. "ಮೊಲ ಬಾಯಲ್ಲಿ ಉಸಿರಾಡಲ್ಲ. ಅತ್ತೆ, ಸ್ವಲ್ಪ ಏಳಿ."

"ಇನ್ನೇನು ಮುಗೀತಲ್ಲೇ. ಪ್ರಶ್ನೆ ಉತ್ತರ ಒಂದು ಬಾಕಿ."

"ಅತ್ತೆ, ಅವು ಸಾಯ್ತಿವೆ."

"ಅವನು ಅಲ್ಲೇ ಇದ್ದಾನಲ್ಲ. ಅವನಿಗೆ ಗೊತ್ತಾಗಲ್ವಾ?"

ಅಕ್ಕ ಅವರ ತಲೆಯ ಮೇಲಿನಿಂದ ಕೈ ಚಾಚಿ ಬಾಗಿಲು ತಟ್ಟಿದಳು. ಮದುವೆಯಾದ ಮೇಲೆ ಆ ಬಾಗಿಲನ್ನು ಲೈವಿನ ಹೊತ್ತಿನಲ್ಲಿ ತಟ್ಟಿದ್ದು ಅದೇ ಮೊದಲು. ಪರದೆಯಲ್ಲಿ ಭಾವನ ಹುಬ್ಬು ಒಂದಿಷ್ಟು ಗಂಟಾಯಿತು, ಮರುಕ್ಷಣ ಹಲ್ಲು ಕಿರಿದರು. "ಮನೆ ಅಂದ್ಮೇಲೆ ಸದ್ದು ಇದ್ದಿದ್ದೇ," ಅಂತ ಫೋನಿನ ಜನಕ್ಕೆ ನಗೆಚಾಟಿಕೆ. ಅಕ್ಕ ಮತ್ತೆ ತಟ್ಟಿದಳು, ಕೂಗಿದಳು. ಕ್ಯಾಮೆರಾಗೆ ಕಾಣದ ಹಾಗೆ ಭಾವ ಕೈಯನ್ನು ಸೊಂಟದ ಹತ್ತಿರ ಆಡಿಸಿರಬೇಕು, ಭುಜ ಅಲುಗಿತು. ನೊಣ ಓಡಿಸುವ ಕೈ ಅದು, ನನಗೆ ಚೆನ್ನಾಗಿ ಗೊತ್ತು.

ನಾನು ಅತ್ತೆಯ ಕೈಯಿಂದ ಫೋನ್ ಕಿತ್ತುಕೊಂಡೆ. ಅವರು ಬಾಯಿ ತೆರೆಯುವಷ್ಟರಲ್ಲಿ ಕೆಳಗಿನ ಖಾನೆಯಲ್ಲಿ ಬರೆದು ಕಳಿಸಿದೆ. ಮೊಲ ಬಾಯಿ ತೆರೆದು ಉಸಿರಾಡುತ್ತಿದೆ, ಈಗ ಏನು ಮಾಡಬೇಕು?

ಭಾವ ಮುಂದಕ್ಕೆ ಬಗ್ಗಿ, ಕಳಿಸಿದವರ ಹೆಸರು ನೋಡದೆ, ಪ್ರಶ್ನೆ ಓದಿದರು. ಮುಖ ಅರಳಿತು.

"ಒಳ್ಳೇ ಪ್ರಶ್ನೆ. ಇದು ಬಹಳ ಅಪಾಯದ ಲಕ್ಷಣ. ಒಂದು ಕ್ಷಣಾನೂ ತಡ ಮಾಡಬಾರದು. ತಕ್ಷಣ ತಂಪಾದ ಜಾಗಕ್ಕೆ ತರಬೇಕು, ಕಿವಿಗಳನ್ನ ಒದ್ದೆ ಮಾಡಬೇಕು. ನೆನಪಿಡಿ, ಮೊಲ ನಿಮ್ಮನ್ನ ಬಾಯಿಬಿಟ್ಟು ಕೇಳಲ್ಲ. ನೀವೇ ತಿರುಗಿ ನೋಡ್ತಾ ಇರಬೇಕು."

ಒಂದೊಂದು ಅಕ್ಷರವೂ ಅಕ್ಕನದ್ದು. ಒಂದೇ ಒಂದು ಸಲ ಕತ್ತು ತಿರುಗಿಸಿದ್ದರೆ ಸಾಕಿತ್ತು. ತಿರುಗಿಸಲಿಲ್ಲ. ಅವರ ಬೆನ್ನ ಹಿಂದೆ ಹತ್ತಿಯ ಪಕ್ಕೆ ಪಟಪಟ ಅಂತ ಹೊಡೆದುಕೊಳ್ಳುತ್ತಿದ್ದದ್ದು ಅಷ್ಟು ಚಿಕ್ಕ ಪರದೆಯಲ್ಲೂ ನನಗೆ ಕಾಣುತ್ತಿತ್ತು. ಅಂಥ ಮನುಷ್ಯನ ಮೇಲೆ ಸಿಟ್ಟು ಕೂಡ ದಂಡ ಅನ್ನಿಸಿತು. ಸಿಟ್ಟು ಬರಬೇಕಾದರೆ ಎದುರಿಗೆ ಒಬ್ಬ ಮನುಷ್ಯ ಇರಬೇಕು. ಇಲ್ಲಿ ಇದ್ದದ್ದು ಒಂದು ಅಂಗಿ, ಒಂದು ಬಾಯಿ.

ಅಕ್ಕ ನನ್ನ ಪಕ್ಕದಲ್ಲಿರಲಿಲ್ಲ. ಪ್ಯಾಸೇಜಿನ ಕೊನೆಯಲ್ಲಿ, ಚಪ್ಪಲಿ ಸ್ಟ್ಯಾಂಡಿನ ಮೇಲೆ ಏರಿ ನಿಂತು ಮೇನ್ ಸ್ವಿಚ್ಚಿನ ಡಬ್ಬ ತೆಗೆಯುತ್ತಿದ್ದಳು. ಟಪ್ ಅಂತ ಒಂದು ಸದ್ದು. ಫ್ಯಾನು ನಿಂತಿತು, ಫ್ರಿಜ್ಜು ಸುಮ್ಮನಾಯಿತು, ಗೋಡೆಯಾಚೆ ಎಸಿಯ ಗುಂಯ್ ಎನ್ನುವ ಸದ್ದು ಇಳಿದು ಅಡಗಿತು. ವೈಫೈ ಹೋಯಿತು. ನನ್ನ ಕೈಯಲ್ಲಿದ್ದ ಫೋನಿನಲ್ಲಿ ಭಾವ ಬಾಯಿ ತೆರೆದವರು ತೆರೆದಂತೆಯೇ ನಿಂತುಬಿಟ್ಟರು.

ಚಿಲಕ ಧಡಾರ್ ಎಂದು ತೆರೆಯಿತು. "ಯಾರದು ಕರೆಂಟ್ ತೆಗ್ದಿದ್ದು? ಎಷ್ಟು ಜನ ನೋಡ್ತಿದ್ರು ಗೊತ್ತಾ?" ಅನ್ನುತ್ತಾ ಚಡ್ಡಿಯಲ್ಲಿ ಹೊರಬಂದ ಮೇಷ್ಟ್ರನ್ನು ಅಕ್ಕ ಭುಜದಿಂದ ತಳ್ಳಿಕೊಂಡು ಒಳಗೆ ಹೋದಳು.

ಗಾಜಿನ ಬಾಗಿಲು ಸರಿಸಿದ ಕೂಡಲೇ ಮುಖಕ್ಕೆ ಹೊಡೆದ ಝಳಕ್ಕೆ, ದಿನವಿಡೀ ಇಸ್ತ್ರಿಯ ಮುಂದೆ ನಿಲ್ಲುವ ನಾನೇ ಹಿಂದೆ ಸರಿದೆ. ಗೂಡಿನ ಕಂಬಿ ಮುಟ್ಟಲಾಗುತ್ತಿರಲಿಲ್ಲ. ಹತ್ತಿಯನ್ನು ಎತ್ತಿದರೆ ಒದ್ದೆ ಬಟ್ಟೆಯ ಹಾಗೆ ಅಕ್ಕನ ಕೈಯ ಎರಡೂ ಬದಿಗೆ ಜೋತುಬಿತ್ತು. ಕಿವಿಯೊಳಗೆಲ್ಲ ಕೆಂಪು. ಮಸಿಯ ಮೂತಿಯ ಸುತ್ತ ಜೊಲ್ಲು, ಕಣ್ಣು ಅರ್ಧ ಮುಚ್ಚಿತ್ತು. ಹಾಲ್‌ನ ತಂಪು ಇನ್ನೂ ಹೋಗಿರಲಿಲ್ಲ. ಎರಡನ್ನೂ ಸೋಫಾದ ಮುಂದಿನ ಬರಿಯ ನೆಲದ ಮೇಲೆ ಮಲಗಿಸಿ, ನಲ್ಲಿಯ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಅಕ್ಕ ಕಿವಿ ಒದ್ದೆ ಮಾಡತೊಡಗಿದಳು. ನಾನು ರಟ್ಟಿನ ತುಂಡಿನಿಂದ ಮೆಲ್ಲಗೆ ಗಾಳಿ ಹಾಕಿದೆ.

ಭಾವ ಅಡುಗೆಮನೆಗೆ ಓಡಿಹೋಗಿ ಐಸ್ ತುಂಬಿದ ಬಕೆಟ್ಟಿನೊಂದಿಗೆ ಬಂದರು. "ಇದ್ರಲ್ಲಿ ಮುಳುಗಿಸು. ಒಂದೇ ಸಲ ಬಿಸಿ ಇಳಿಯುತ್ತೆ."

"ಮುಟ್ಟಬೇಡಿ," ಅಂದಳು ಅಕ್ಕ.

"ನಾನು ಹೇಳೋದು ಕೇಳು..."

"ಐಸ್‌ನೀರಿಗೆ ಹಾಕಿದ್ರೆ ಅಲ್ಲೇ ಹೋಗ್ತವೆ. ನಿಮಗೆ ಹೇಳಿದ್ದೆ. ನೀವು ವಿಡಿಯೋದಲ್ಲೂ ಹೇಳಿದ್ರಿ. ಬಕೆಟ್ ತಗೊಂಡು ಹೊರಗೆ ಹೋಗಿ."

ದನಿ ಏರಿರಲಿಲ್ಲ. ಬಹುಶಃ ಅದಕ್ಕೇ ಭಾವ ಹೋದರು.

ಹತ್ತಿ ಉಳಿಯಲಿಲ್ಲ. ಅಕ್ಕ ಕಿವಿ ಸವರುತ್ತಲೇ ಇದ್ದಳು, ಅದು ಯಾವಾಗ ಹೋಯಿತು ಅಂತ ಇಬ್ಬರಿಗೂ ತಿಳಿಯಲಿಲ್ಲ. ತಿಳಿದ ಮೇಲೂ ಅವಳು ಕೈ ತೆಗೆಯಲಿಲ್ಲ. ನಾನು ಅವಳಷ್ಟು ಗಟ್ಟಿಯವಳಲ್ಲ, ಗೋಡೆಗೆ ತಿರುಗಿ ಅತ್ತುಬಿಟ್ಟೆ. ಅವಳು ಹತ್ತಿಯನ್ನು ತನ್ನ ಹಳೆಯ ಶಿಶುವಿಹಾರದ ಏಪ್ರನ್ನಿನಲ್ಲಿ ಸುತ್ತಿ ಪಕ್ಕಕ್ಕಿಟ್ಟು, ಮಸಿಯ ಕಡೆಗೆ ತಿರುಗಿದಳು.

ಪ್ರಾಣಿಗಳ ಡಾಕ್ಟರಿಗೆ ಫೋನ್ ಮಾಡಿದೆವು. ಈ ಬಿಸಿಲಲ್ಲಿ ದಾರಿಯ ಮೇಲೆ ತರಬೇಡಿ ಅಂದರು. "ತಂಪಾದ ರೂಮಲ್ಲಿಡಿ, ಎಸಿ ಸಣ್ಣಗಿರಲಿ. ಹತ್ರ ಒಬ್ರೇ ಇರಿ. ಸದ್ದು, ಗಲಾಟೆ ಬೇಡ, ಹೆದರಿದ್ರೆ ಹೃದಯ ನಿಂತುಬಿಡುತ್ತೆ. ಕತ್ತಲಾಗೋದ್ರೊಳಗೆ ತಾನಾಗೇ ಏನಾದ್ರೂ ತಿಂದ್ರೆ ಉಳೀತು ಅಂದ್ಕೊಳ್ಳಿ. ತಿನ್ನದಿದ್ರೆ ಬಿಸಿಲಿಳಿದ ಮೇಲೆ ತಗೊಂಡು ಬನ್ನಿ. ಆದ್ರೆ ಆಸೆ ಇಟ್ಕೋಬೇಡಿ."

ಮೇನ್ ಸ್ವಿಚ್ ಹಾಕಿದೆ. ಅಕ್ಕ ಮಸಿಯ ಮುಂದೆ ಒಂದು ಹಿಡಿ ಒಣಹುಲ್ಲು, ಎರಡು ಕಡ್ಡಿ ಕೊತ್ತಂಬರಿ ಇಟ್ಟುಕೊಂಡು ಹಾಲಿನಲ್ಲಿ ಕೂತಳು. ನನ್ನನ್ನೂ ಹೊರಗೆ ಕಳಿಸಿ ಒಳಗಿನಿಂದ ಚಿಲಕ ಹಾಕಿಕೊಂಡಳು.

ಬಾಗಿಲಿನ ಹೊರಗೆ ಅತ್ತೆ ಅದೇ ಕುರ್ಚಿಯಲ್ಲಿ ಕೂತಿದ್ದರು. ನಾನು ವಾಪಸು ಕೊಟ್ಟ ಫೋನ್ ಮಡಿಲಲ್ಲಿ ಕವುಚಿ ಬಿದ್ದಿತ್ತು. ಅವರ ಜೊತೆ ಮಾತಾಡುವ ಮನಸ್ಸು ನನಗಿರಲಿಲ್ಲ. ಎದ್ದು ನಿಲ್ಲಿ ಅಂದಾಗ ನಿಲ್ಲದವರು ಈಗ ಕೂತೇ ಇರಲಿ ಅಂತ ಗೋಡೆಗೆ ಒರಗಿ ನೆಲದ ಮೇಲೆ ಕುಳಿತೆ.

ಬಿಸಿಲು ಇಳಿಯುವ ಹೊತ್ತಿಗೆ ಭಾವ ಕೋಣೆಯಿಂದ ಹೊರಬಂದರು. ಸ್ನಾನ ಮಾಡಿ ತಲೆ ಬಾಚಿದ್ದರು. ಬಿಳಿ ಅಂಗಿ. ಈ ಸಲ ಕೆಳಗೆ ಪ್ಯಾಂಟೂ ಇತ್ತು. ಕೈಯಲ್ಲಿ ಫೋನ್ ನಿಲ್ಲಿಸುವ ಕೋಲು. ಮುಖಕ್ಕೆ ದುಃಖವನ್ನು ಆಗಲೇ ಹಚ್ಚಿಕೊಂಡಿದ್ದರು.

"ಹಾಲ್ ಸ್ವಲ್ಪ ಹೊತ್ತು ಬೇಕಿತ್ತು," ಅಂದರು ಮೆಲ್ಲಗೆ. "ಲೈವ್ ಮಧ್ಯದಲ್ಲೇ ನಿಂತುಹೋಯ್ತಲ್ಲ, ಜನ ಕೇಳ್ತಿದ್ದಾರೆ. ಸ್ನೋ ಹೋದ ವಿಷಯ ಎರಡು ಮಾತು ಹೇಳ್ಬೇಕು. ಇದ್ದಕ್ಕಿದ್ದ ಹಾಗೆ ಕರೆಂಟ್ ಹೋಗಿ ಎಸಿ ನಿಂತಿದ್ರಿಂದ ಹೀಗಾಯ್ತು, ಯಾರೂ ಪೂರ್ತಿ ಎಸಿ ನಂಬ್ಕೋಬೇಡಿ ಅಂತ. ನಾಲ್ಕು ಜನಕ್ಕೆ ಪಾಠ ಆಗುತ್ತೆ."

ಕರೆಂಟ್ ತೆಗೆದದ್ದು ಅಕ್ಕ. ಅಂದರೆ ಹತ್ತಿಯನ್ನು ಕೊಂದದ್ದು ಅಕ್ಕ ಅಂತ, ಎರಡು ಮಾತಿನಲ್ಲಿ, ಬಿಳಿ ಅಂಗಿಯಲ್ಲಿ, ಎಲ್ಲರ ಮುಂದೆ. ಇಷ್ಟು ನುಣ್ಣಗೆ ಸುಳ್ಳು ಹೇಳುವುದಕ್ಕೆ ಸಾಮರ್ಥ್ಯ ಬೇಕು. ನಾನು ಏಳುವಷ್ಟರಲ್ಲಿ ಭಾವ ಬಾಗಿಲು ತಟ್ಟಲು ಕೈ ಎತ್ತಿದರು.

ಅತ್ತೆ ಕೂತಲ್ಲಿಂದಲೇ ಆ ಕೈ ಹಿಡಿದರು. ಮಣಿಕಟ್ಟಿನ ಹತ್ತಿರ, ಬಿಗಿಯಾಗಿ.

"ತಟ್ಟಬೇಡ ಕಣೋ."

"ಅಮ್ಮಾ, ಐದು ನಿಮಿಷ. ಒಳಗೆ ಬೆಳಕು ಚೆನ್ನಾಗಿದೆ ಈಗ."

"ಕರೆಂಟ್ ಹೋಗಿದ್ದಕ್ಕೆ ಅದು ಸತ್ತಿದ್ದಲ್ಲ. ನಾನು ನೋಡ್ತಾ ಇದ್ದೆ. ನೀನು ಮಾತಾಡ್ತಾ ಇದ್ದೆ, ಅದು ನಿನ್ನ ಹಿಂದೆ ಸಾಯ್ತಾ ಇತ್ತು. ನಾನು ಹಾರ್ಟ್ ಒತ್ತುತ್ತಾ ಕೂತಿದ್ದೆ. ನಿನ್ನ ಹೆಂಡ್ತಿ ಏಳಿ ಅಂದ್ಲು, ನಾನು ಏಳಲಿಲ್ಲ."

ಹಾಗಂತ ಆ ಹೆಂಗಸಿನ ಮೇಲೆ ನನಗೆ ಪ್ರೀತಿ ಉಕ್ಕಿ ಬಂತು ಅಂತಲ್ಲ. ಆದರೆ ತನ್ನ ತಪ್ಪನ್ನು ತನ್ನ ಬಾಯಿಂದ ಹೇಳಿದವರು ಆ ಮನೆಯಲ್ಲಿ ಅವತ್ತು ಅವರೊಬ್ಬರೇ.

"ಈ ಸೆಕೇಲಿ ನಾನೆಲ್ಲಿ ಕೂತ್ಕೊಳ್ಳಲಿ ಹಾಗಾದ್ರೆ?" ಅಂದರು ಭಾವ. ಬಿಳಿ ಅಂಗಿಯ ಕಂಕುಳು ಆಗಲೇ ಒದ್ದೆಯಾಗಿತ್ತು. ಹೆಂಡತಿಯ ಮೊಲ ಸತ್ತ ಸಂಜೆ ಅವರಿಗೆ ಹೊಳೆದ ಪ್ರಶ್ನೆ ಅದು.

ಒಳಗೆ ಏನೋ ಸದ್ದಾಯಿತು. ಬಹಳ ಸಣ್ಣದು. ಒಣಹುಲ್ಲು ಮುರಿಯುವ ಸದ್ದು, ನಿಂತು, ಮತ್ತೆ ಒಂದು. ನಾನು ಬಾಗಿಲಿಗೆ ಕಿವಿ ಕೊಟ್ಟೆ. ಭಾವ ಇನ್ನೇನೋ ಹೇಳಲು ಬಾಯಿ ತೆರೆದರು.

ಅತ್ತೆ ಮಗನ ಕೈ ಬಿಡದೆಯೇ, ಇನ್ನೊಂದು ಕೈಯ ಬೆರಳನ್ನು ತುಟಿಯ ಮೇಲಿಟ್ಟರು.

"ಶ್," ಅಂದರು. "ತಿಂತಾ ಇದೆ."